ಇನ್ಸ್‌ಪೆಕ್ಟರರ ಏಕವಚನ, ತಂಗಿಯ ಬಹುವಚನ

ಪತ್ತೇದಾರಿ ಕಾದಂಬರಿಗಳನ್ನು ಜನರು ಕೊಲೆಗಾರ ಯಾರೆಂದು ತಿಳಿಯಲು ಓದುತ್ತಾರೆ ಎಂಬುದು ಲೋಕರೂಢಿಯ ನಂಬಿಕೆ. ನಾನು ಹಾಗೆ ಓದುವವನಲ್ಲ. ಕೊಲೆಯನ್ನು ಯಾರೇ ಮಾಡಿರಲಿ, ಅದರಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ಸತ್ತವನಿಗಂತೂ ಮೊದಲೇ ಇಲ್ಲ. ಪುಸ್ತಕ ಮುಗಿಸಿ ಕನ್ನಡಕ ತೆಗೆದಿಡುವಷ್ಟರಲ್ಲಿ ಕೊಲೆಗಾರನ ಹೆಸರು ನನಗೆ ಮರೆತು ಹೋಗಿರುತ್ತದೆ. ಆದರೆ ಇನ್ಸ್‌ಪೆಕ್ಟರರ ತಾಯಿಯ ಮೊಣಕಾಲು ಯಾವ ಸಂಪುಟದಲ್ಲಿ ನೋಯಲು ಆರಂಭಿಸಿತು, ಹೆಡ್ ಕಾನ್‌ಸ್ಟೇಬಲ್ಲನ ಹೆಂಡತಿ ಯಾವ ಕೊಲೆಯ ಮರುದಿನ ತವರಿಗೆ ಹೋದಳು, ಯಾವ ದರೋಡೆಯ ನಡುವೆ ಮರಳಿ ಬಂದಳು ಎಂದು ಕೇಳಿ ನೋಡಿ: ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಗಂಟಲು ಕೈಕೊಟ್ಟದ್ದರಿಂದ ಅವಧಿಗೆ ಮೊದಲೇ ನಿವೃತ್ತಿ ಪಡೆದ ಕನ್ನಡ ಮಾಸ್ತರನೊಬ್ಬನಿಗೆ ಇದು ಶೋಭಿಸುವ ವಿದ್ಯೆಯಲ್ಲ ಎಂದು ನೀವು ಹೇಳಬಹುದು. ಜಮಖಂಡಿಯಲ್ಲಿ ಈಗಾಗಲೇ ಹಲವರು ಹೇಳಿದ್ದಾರೆ.

ಈ ಮಾಲಿಕೆಯ ಮೊದಲ ಪುಸ್ತಕ ನನ್ನ ಕೈಗೆ ಬಂದದ್ದು ತೇರದಾಳದ ಬಸ್ ನಿಲ್ದಾಣದಲ್ಲಿ. ಬಸ್ಸು ಬರುವ ಲಕ್ಷಣವಿರಲಿಲ್ಲ. ಅಂಗಡಿಯಲ್ಲಿ ಪಂಚಾಂಗವನ್ನು ಬಿಟ್ಟರೆ ಓದುವಂಥದ್ದು ಇದೊಂದೇ ಇತ್ತು. ಅಕ್ಷರದೋಷಗಳನ್ನು ತಿದ್ದಿ ಕಾಲ ಕಳೆಯೋಣವೆಂದು ಪೆನ್ಸಿಲು ಹಿಡಿದು ಕುಳಿತೆ. ಇನ್ಸ್‌ಪೆಕ್ಟರ್ ಪ್ರಭಂಜನ ಎಂಬವರು ಬಾವಿಯಲ್ಲಿ ಬಿದ್ದ ಹೆಣವೊಂದನ್ನು ನೋಡಿ, ಮನೆಗೆ ಹೋಗಿ, ತಾಯಿ ಬಡಿಸಿದ ಅನ್ನದಲ್ಲಿ ಉಪ್ಪಿಲ್ಲವೆಂದು ಹೇಳಲೋ ಬೇಡವೋ ಎಂದು ಒಂದು ಪುಟವಿಡೀ ಯೋಚಿಸುತ್ತಾರೆ. ಆ ಪುಟದಲ್ಲಿ ನನ್ನ ಪೆನ್ಸಿಲು ನಿಂತಿತು. ಬಸ್ಸೂ ಬಂದು ಹೋಯಿತು. ಅಂದಿನಿಂದ ಪ್ರಭಂಜನರು ನಮ್ಮ ಮನೆಯವರಂತೆಯೇ ಆಗಿದ್ದಾರೆ. ಊರ ಹೊರಗೆ ಅವರು ಕಟ್ಟಿಸಲು ಹಿಡಿದ ಮನೆ ಇನ್ನೂ ಲಿಂಟೆಲ್ ಮಟ್ಟದಲ್ಲೇ ಇರುವುದು ನನಗೆ ನಿಜವಾದ ಚಿಂತೆ.

ಇದೆಲ್ಲಕ್ಕಿಂತ ದೊಡ್ಡ ಚಿಂತೆ ಡಾಕ್ಟರ್ ವಸುಂಧರಾ ಅವರದು. ಶವಪರೀಕ್ಷೆ ಮಾಡುವ ವೈದ್ಯೆ ಅವರು. ಪ್ರಭಂಜನರಿಗೆ ಅವರ ಮೇಲೆ ಮನಸ್ಸಿದೆ, ಅವರಿಗೂ ಇದೆ. ಇದು ಓದುಗರಿಗೆಲ್ಲ ಗೊತ್ತು, ಆ ಇಬ್ಬರಿಗೆ ಮಾತ್ರ ಗೊತ್ತಿಲ್ಲ. ಲೇಖಕರು ದಕ್ಷಿಣದ ಕಡೆಯವರಿರಬೇಕು. ಅವರ ಪಾತ್ರಗಳು ಒಬ್ಬರೊಡನೊಬ್ಬರು ‘ನೀವು, ತಾವು’ ಎಂದು ಬಹಳ ನಯವಾಗಿ ಮಾತನಾಡುತ್ತವೆ. ಅಲ್ಲಿಯ ಪ್ರೀತಿಯ ಅಳತೆಗೋಲೆಂದರೆ ಸರ್ವನಾಮ. ‘ನೀವು’ ಎಂಬುದು ‘ನೀನು’ ಎಂದಾದ ದಿನ ಪ್ರೀತಿ ಸಿದ್ಧವಾಯಿತೆಂದೇ ಅರ್ಥ. ಒಂದು ಸಂಪುಟದಲ್ಲಿ ಪ್ರಭಂಜನರಿಗೆ ಗುಂಡೇಟು ತಗುಲಿದಾಗ ವಸುಂಧರಾ ಗಾಬರಿಯಿಂದ, “ನೀನು ಮಾತಾಡಬೇಡ” ಎಂದರು. ಮರುಪುಟದಲ್ಲೇ “ನೀವು ವಿಶ್ರಾಂತಿ ತಗೊಳ್ಳಿ” ಎಂದೂ ಅಂದರು. ಅದು ಪ್ರೀತಿಯೋ, ಅಚ್ಚಿನ ದೋಷವೋ? ನಮ್ಮ ಮನೆಯಲ್ಲಿ ಈ ಬಗ್ಗೆ ಒಂದು ಮಳೆಗಾಲ ಪೂರ್ತಿ ಚರ್ಚೆ ನಡೆಯಿತು. ನಾನು ಅಚ್ಚಿನ ದೋಷವೆಂದೆ. ನನ್ನ ತಂಗಿ ಗಿರಿಜಾ ಪ್ರೀತಿಯೆಂದಳು. ನನ್ನ ಹೆಂಡತಿ ಶಾಂತಾ ಈ ಪುಸ್ತಕಗಳನ್ನು ಓದುವುದಿಲ್ಲ, ಆದರೆ ಪ್ರತಿ ಸಂಪುಟ ಮುಗಿದಾಗಲೂ ತಪ್ಪದೆ ಕೇಳುತ್ತಾಳೆ: “ಲಗ್ನ ಆತೇನ್ರಿ ಅವರದು?”

“ಇನ್ನೂ ಇಲ್ಲ.”

“ಮತ್ತ ಯಾಕ ಓದ್ತೀರಿ?”

ಗಿರಿಜಾ ನನಗಿಂತ ಬಹಳ ಚಿಕ್ಕವಳು. ಆದರೂ ನಲವತ್ತು ದಾಟಿದವಳು. ಬನಹಟ್ಟಿಯ ಬ್ಯಾಂಕೊಂದರಲ್ಲಿ ಕೆಲಸ, ವಾಸ ನಮ್ಮೊಂದಿಗೆ. ಮದುವೆಯಾಗಿಲ್ಲ. ನೋಡಲು ಬಂದವರನ್ನು ಅವಳು ಒಲ್ಲೆನೆಂದಳು. ವರನೊಬ್ಬನ ಪರಿಚಯಪತ್ರದಲ್ಲಿದ್ದ ಅಲ್ಪಪ್ರಾಣ ಮಹಾಪ್ರಾಣಗಳನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದೆನೆಂದು ಬಂಧುಗಳಲ್ಲಿ ಒಂದು ಮಾತಿದೆ. ಅದು ಅರ್ಧ ಮಾತ್ರ ನಿಜ. ತಿದ್ದಿದ್ದು ಹೌದು, ಹಿಂದಿರುಗಿಸಲಿಲ್ಲ. ಅವಳ ಕಾಲೇಜಿನ ಸಹಪಾಠಿ ಮಲ್ಲಿಕಾರ್ಜುನ, ರಬಕವಿಯವನು. ನಾಲ್ಕಾರು ಮಗ್ಗಗಳನ್ನಿಟ್ಟುಕೊಂಡು ಸೀರೆಯ ವ್ಯಾಪಾರ ಮಾಡುತ್ತಾನೆ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು, ಮಕ್ಕಳಿಲ್ಲ. ಪ್ರಭಂಜನ ಮಾಲಿಕೆಯ ಹೊಸ ಪುಸ್ತಕ ಬಂದೊಡನೆ ಕೊಳ್ಳುವವನು ಅವನು. ಓದಿ ಮುಗಿಸಿ, ಭಾನುವಾರ ಮೋಟಾರು ಸೈಕಲ್ಲೇರಿ ನಮ್ಮಲ್ಲಿಗೆ ತರುತ್ತಾನೆ. ಅವನು ಹೊಸ್ತಿಲು ದಾಟುವ ಮೊದಲೇ ಗಿರಿಜಾಳ ಕೂಗು ಕೇಳುತ್ತಿತ್ತು:

“ಬಾರೋ ಮಲ್ಲ್ಯಾ! ಖೂನಿ ಯಾರ ಮಾಡ್ಯಾರ ಹೇಳಿದಿ ಅಂದ್ರ ಚಾ ಸಿಗಂಗಿಲ್ಲ ನೋಡ ಮತ್ತ.”

“ಖೂನಿ ಯಾರರ ಮಾಡ್ಲಿ ಬಿಡ ಬೇ. ಡಾಕ್ಟರಮ್ಮ ಈ ಸಲ ಏನಂದ್ಲು, ಅದನ್ನ ಕೇಳ.”

“ಏ, ಅದನ್ನಂತೂ ಹೇಳಲೇಬ್ಯಾಡ!”

ಹೀಗೆ ಏಕವಚನದಲ್ಲಿ ಒಬ್ಬರನ್ನೊಬ್ಬರು ಜಗ್ಗಾಡುತ್ತ, ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತ, ಆ ಇಬ್ಬರೂ ವಸುಂಧರಾ ಅವರ ಭವಿಷ್ಯವನ್ನು ಚರ್ಚಿಸುತ್ತಿದ್ದರು. ನಾನು ಮಧ್ಯೆ ಕುಳಿತು ಕ್ರಿಯಾಪದಗಳನ್ನು ಸರಿಪಡಿಸುತ್ತಿದ್ದೆ. ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಭಾನುವಾರ ಬೇಕೆ?

ಕಳೆದ ದೀಪಾವಳಿಯ ನಂತರದ ಒಂದು ಭಾನುವಾರ ಮಲ್ಲಿಕಾರ್ಜುನ ಹೊಸ ಸಂಪುಟದೊಂದಿಗೆ ಬಂದ. ಮೋಟಾರು ಸೈಕಲ್ಲಿನ ಸದ್ದಾಯಿತು, ಕೂಗು ಕೇಳಲಿಲ್ಲ. ಗಿರಿಜಾ ಒಳಗಿನಿಂದ ಮೆಲ್ಲಗೆ, “ಅಣ್ಣಾ, ಅವರು ಬಂದಾರ ನೋಡು” ಎಂದಳು. ಯಾವ ಅವರು? ಬಾಗಿಲಲ್ಲಿ ನಿಂತಿದ್ದವನು ಮಲ್ಲ್ಯಾ. ಬಳಿಕ ಅವಳು ಹೊರಗೆ ಬಂದು, ನೆಲವನ್ನು ನೋಡುತ್ತ, ಅವನಿಗೆ “ಬರ್ರಿ, ಕುಂದರ್ರಿ” ಎಂದಳು. ನಾನು ಕನ್ನಡಕವನ್ನು ತೆಗೆದು ಒರೆಸಿಕೊಂಡೆ, ಒರೆಸಬೇಕಾದದ್ದು ಕಿವಿಯಾಗಿತ್ತು. ಚಹಾ ಬಂತು, ಪಿಂಗಾಣಿಯ ಕಪ್ಪು-ಬಸಿಯಲ್ಲಿ! ನಮ್ಮ ಮನೆಯಲ್ಲಿ ಕಪ್ಪು-ಬಸಿ ಕಪಾಟಿನಿಂದ ಇಳಿಯುವುದು ಪರಸ್ಥಳದ ಬೀಗರು ಬಂದಾಗ ಮಾತ್ರ. “ಚಾ ತಗೋರಿ” ಎಂದಳು. ಅವನೂ ನೆಲ ನೋಡುತ್ತಲೇ ತೆಗೆದುಕೊಂಡ. ಪುಸ್ತಕವನ್ನು ಮೇಜಿನ ಮೇಲಿಟ್ಟ. ವಸುಂಧರಾ ಅವರ ವಿಷಯವನ್ನೇ ಎತ್ತದೆ ಎದ್ದು ಹೋದ.

ಇಷ್ಟು ವರ್ಷ ಪತ್ತೇದಾರಿ ಓದಿದವನು ನಾನು. ಸಾಕ್ಷ್ಯಗಳನ್ನು ಜೋಡಿಸದೆ ಬಿಡುವೆನೆ? ಬಾಯ್ತುಂಬ ಕರೆಯುತ್ತಿದ್ದ ಹೆಸರನ್ನು ಅವಳು ಉಚ್ಚರಿಸಲಿಲ್ಲ. ಏಕವಚನ ಹೋಗಿ ಬಹುವಚನ ಬಂದಿದೆ. ಲೋಟ ಹೋಗಿ ಕಪ್ಪು ಬಂದಿದೆ. ಮುಖ ಕೊಟ್ಟು ಮಾತಿಲ್ಲ. ಪ್ರಭಂಜನರ ಲೋಕದಲ್ಲಿ ಆತ್ಮೀಯತೆ ಬಹುವಚನದಿಂದ ಏಕವಚನಕ್ಕೆ ಸಾಗುತ್ತದೆ; ಆದ್ದರಿಂದ ಏಕವಚನದಿಂದ ಬಹುವಚನಕ್ಕೆ ಸಾಗುವುದು ಆತ್ಮೀಯತೆಯ ನಾಶವೇ ಆಗಿರಬೇಕು. ತರ್ಕದಲ್ಲಿ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ. ಇವರಿಬ್ಬರ ನಡುವೆ ಭಾರಿ ಜಗಳವಾಗಿದೆ, ಹೆಸರನ್ನೂ ಹೇಳಲಾರದಷ್ಟು ದೊಡ್ಡ ಜಗಳ! ನನ್ನ ತಂಗಿಗೆ ಮನೆ, ಬ್ಯಾಂಕು, ಬಸ್ಸು ಬಿಟ್ಟರೆ ಇದ್ದ ಗೆಳೆತನ ಇದೊಂದೇ. ಅದು ಮುರಿಯುವುದನ್ನು ಅಣ್ಣನಾದವನು ನೋಡುತ್ತ ಕೂಡಬಹುದೆ? ಶಾಂತಾಳಿಗೆ ಹೇಳೋಣವೆಂದರೆ ಅವಳು ನನ್ನನ್ನು ನೋಡಿ ಸುಮ್ಮನೆ ನಗುತ್ತಿದ್ದಳು. ಓದದವರಿಗೆ ಸೂಕ್ಷ್ಮಗಳು ತಿಳಿಯುವುದಿಲ್ಲವೆಂದುಕೊಂಡು, ಯಾರಿಗೂ ಹೇಳದೆ ಮರುದಿನ ರಬಕವಿಯ ಬಸ್ಸು ಹತ್ತಿದೆ.

ಮಲ್ಲಿಕಾರ್ಜುನನ ಮನೆಯ ಮುಂಭಾಗದಲ್ಲೇ ವಿದ್ಯುತ್ ಮಗ್ಗಗಳು. ಅವುಗಳ ಸಪ್ಪಳದಲ್ಲಿ ಮಾತು ಕೇಳಬೇಕಾದರೆ ತರಗತಿಯ ಧ್ವನಿಯೇ ಬೇಕು. ಕೆಟ್ಟ ಗಂಟಲಿನಿಂದಲೇ ಅದನ್ನು ಹೊರತೆಗೆದೆ.

“ನೋಡಪಾ ಮಲ್ಲಿಕಾರ್ಜುನ, ನಿನ್ನೆ ನಾ ಎಲ್ಲಾ ನೋಡೇನಿ. ಈ ಹೊಸಾ ‘ರೀ, ಗೀರೀ’ ನನಗ ಸರಿ ಅನಸವಲ್ದು. ಮೊದಲ ಹೆಂಗಿದ್ರಿ, ಹಂಗ ಇರ್ರಿ. ಅಣ್ಣ-ತಂಗಿ ಇದ್ದಂಗ ಇದ್ದವರು ನೀವು!”

ಅವನ ಕೈಯಲ್ಲೊಂದು ಸೀರೆಯಿತ್ತು. ಅದನ್ನು ಬಹಳ ನಿಧಾನವಾಗಿ ಮಡಚಿದ.

“ಅಣ್ಣ-ತಂಗಿ ಅಂದ್ರೇನ್ರಿ, ಅಣ್ಣಾರ?”

“ಹೂಂ ಮತ್ತ!”

“ಆತ್ರಿ. ಹಿರೇರು ನೀವು. ನಿಮ್ಮ ಮಾತ ಮೀರಂಗಿಲ್ಲ ನಾನು.”

ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಹಿಗ್ಗಿ, ಮರಳಿ ಬರುವಾಗ ಬಸ್ಸಿನ ಫಲಕದಲ್ಲಿದ್ದ ಕಾಗುಣಿತದ ತಪ್ಪನ್ನೂ ಅಂದು ಕ್ಷಮಿಸಿದೆ.

ಮುಂದಿನ ಭಾನುವಾರ ಮಲ್ಲಿಕಾರ್ಜುನ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಗಿರಿಜಾ ಹೊಸ ಸಂಪುಟವನ್ನು ತೆರೆಯದೆಯೇ ನನ್ನ ಕಡೆ ಸರಿಸಿ, “ನೀನ ಓದು” ಎಂದಳು. ಇದು ಮಾಲಿಕೆಯ ಇತಿಹಾಸದಲ್ಲೇ ಆಗಿರದ ಸಂಗತಿ. ನನಗೆ ಖೇದವಾಯಿತು, ಆದರೂ ಓದಿದೆ. ಕಬ್ಬಿನ ಗದ್ದೆಯಲ್ಲಿ ಯಾರನ್ನೋ ಯಾರೋ ಕೊಂದಿದ್ದರು. ಕೊನೆಯ ಅಧ್ಯಾಯದಲ್ಲಿ, ಅರ್ಧ ಕಟ್ಟಿದ ಆ ಮನೆಯ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು, ಪ್ರಭಂಜನರು ವಸುಂಧರಾ ಅವರಿಗೆ, “ಅಡುಗೆಮನೆಯ ಕಿಟಕಿ ಯಾವ ಕಡೆ ಇರಬೇಕು, ನೀನೇ ಹೇಳು” ಎಂದರು. ನೀನು! ಒಂದೇ ಸಲವಲ್ಲ, ಆ ಪುಟದಲ್ಲಿ ಮತ್ತೆ ಮತ್ತೆ. ಅಚ್ಚಿನ ದೋಷವಾಗಲು ಸಾಧ್ಯವೇ ಇರಲಿಲ್ಲ. ನಾನು ಪುಸ್ತಕ ಹಿಡಿದು ಅಡುಗೆಮನೆಗೆ ಓಡಿದೆ. ಶಾಂತಾ ಒಲೆಯ ಮುಂದೆ, ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು.

“ಗಿರಿಜಾ, ಅಂದೇಬಿಟ್ರು! ನೀನು ಅಂದೇಬಿಟ್ರು!”

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅಣ್ಣಾ, ನಿನ್ನ ಇನ್ಸ್‌ಪೆಕ್ಟರ್ ಒಮ್ಮೆ ‘ನೀನು’ ಅಂದ್ರ ನೀ ಕುಣ್ಯಾಕತ್ತಿ. ನಿನ್ನ ತಂಗಿ ಒಮ್ಮೆ ‘ರೀ’ ಅಂದ್ರ ರಬಕವಿ ಮಟಾ ಹೋಗಿ ಅಣ್ಣ-ತಂಗಿ ಮಾಡಿ ಬಂದಿ! ಅವರು ಫೋನ್ ಮಾಡಿದ್ರು. ‘ನಿಮ್ಮ ಅಣ್ಣಾರಿಗೆ ಮನಸಿಲ್ಲ, ಅವರ ಮನಸ್ ನೋಯಿಸಿ ನಮಗ ಏನೂ ಬ್ಯಾಡ’ ಅಂದ್ರು. ನಾನೂ ಹೂಂ ಅಂದೆ.”

ಇಷ್ಟು ಹೇಳಿ, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ನನಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. “ಜಗಳ ಆಗಿತ್ತಲ್ಲ…?” ಎಂದೆ.

ಶಾಂತಾ ಒಲೆ ಆರಿಸಿ ನನ್ನ ಕಡೆ ತಿರುಗಿದಳು. “ಅಲ್ರಿ, ಲಗ್ನ ಆದಾಗಿಂದ ನಾ ನಿಮಗ ‘ರೀ’ ಅಂತೀನಿ. ನಿಮ್ಮ ಹೆಸರ ಒಮ್ಮೆರ ತಗೊಂಡೇನೇನು? ಇಷ್ಟ ವರ್ಷದಿಂದ ನಾ ನಿಮ್ಮ ಸಂಗಟ ಜಗಳಾ ಮಾಡೇನಿ ಅಂತ ತಿಳದೀರೇನು?”

ನಾನು ಅಲ್ಲೇ ಹಿಟ್ಟಿನ ಡಬ್ಬಿಯ ಮೇಲೆ ಕುಳಿತೆ. ಗೌರವಾರ್ಥಕ ಬಹುವಚನವನ್ನು ಅರ್ಧ ಆಯುಷ್ಯ ಪಾಠ ಮಾಡಿದವನು ನಾನು. ನಮ್ಮ ಸೀಮೆಯ ಹೆಣ್ಣುಮಗಳು ಗೆಳೆಯನನ್ನು ‘ಲೇ’ ಎನ್ನುತ್ತಾಳೆ. ಗಂಡನೆಂದು ಮನಸ್ಸಿನಲ್ಲಿ ಒಪ್ಪಿದ ದಿನ ಅವನ ಹೆಸರನ್ನು ನುಂಗಿ ‘ರೀ’ ಎನ್ನುತ್ತಾಳೆ. ಪ್ರಭಂಜನರ ಊರಿನಲ್ಲಿ ಪ್ರೀತಿ ಇಳಿಯುವ ಮೆಟ್ಟಿಲನ್ನೇ ನಮ್ಮೂರಿನಲ್ಲಿ ಅದು ಹತ್ತುತ್ತದೆ. ಪರಸ್ಥಳದ ಸೂತ್ರವನ್ನು ತಂದು ಮನೆಯ ಮಾತಿಗೆ ಹಚ್ಚಿ, ತಂಗಿಯ ಬದುಕಿನ ಕೊನೆಯ ಅಧ್ಯಾಯವನ್ನೇ ನಾನು ಹರಿದು ಹಾಕಿದ್ದೆ.

ಅಂಗಿಯ ಗುಂಡಿಯನ್ನು ಬಸ್ಸಿನಲ್ಲೇ ಹಾಕಿಕೊಂಡೆ. ರಬಕವಿಯಲ್ಲಿ ಆಗ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ನಿಂತು ಓಣಿ ನಿಶ್ಶಬ್ದವಾಗಿತ್ತು. ಮಲ್ಲಿಕಾರ್ಜುನ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ದಾರಿಯುದ್ದಕ್ಕೂ ನಾನೊಂದು ಭಾಷಣವನ್ನು ಸಿದ್ಧಪಡಿಸಿದ್ದೆ: ಪೀಠಿಕೆ, ವಿವರಣೆ, ಉಪಸಂಹಾರ ಎಲ್ಲವೂ ಇದ್ದವು. ಅವನ ಮುಖ ನೋಡಿದೊಡನೆ ಪೀಠಿಕೆಯೇ ಮರೆತು ಹೋಯಿತು. ಉಳಿದದ್ದು ಇಷ್ಟೇ:

“ಏಳ್ರಿ. ಮನಿಗಿ ಹೋಗೂಣು ನಡೀರಿ.”

ಅವನು ಎದ್ದು ನಿಂತ. ಕಾಲೇಜಿನ ದಿನಗಳಿಂದ ನಾನು ಅವನನ್ನು ‘ನೀನು’ ಎಂದವನೇ ಹೊರತು ‘ನೀವು’ ಎಂದವನಲ್ಲ. ತಂಗಿಯ ಗೆಳೆಯನಿಗೆ ಯಾರೂ ‘ರೀ’ ಅನ್ನುವುದಿಲ್ಲ. ತಂಗಿಯ ಗಂಡನಿಗೆ ಎಲ್ಲರೂ ಅನ್ನುತ್ತಾರೆ.

“ಅಣ್ಣಾರ, ‘ಏಳ್ರಿ’ ಅಂದ್ರಿ… ಮುದ್ದಾಮ್ ಅಂದ್ರೋ, ಬಾಯಿ ತಪ್ಪಿ ಬಂತೋ?”

“ಬಾಯಿ ತಪ್ಪಿ ಬರಾಕ ನಾ ಏನ ಅಚ್ಚಿನ ಮನೀ ಏನ್ರಿ?”

ಅವನು ನಕ್ಕ. ಒಳಗೆ ಹೋಗಿ ಒಂದು ಇಳಕಲ್ ಸೀರೆ ತಂದ. ಮೋಟಾರು ಸೈಕಲ್ಲಿನ ಹಿಂದೆ ನಾನು ಅದನ್ನು ಎದೆಗವಚಿಕೊಂಡು ಕುಳಿತೆ. ಮೋಟಾರು ಸೈಕಲ್ಲು ನಮ್ಮ ಮನೆಯ ಮುಂದೆ ನಿಂತಾಗ ಗಿರಿಜಾ ಬಾಗಿಲಿಗೆ ಬಂದಳು. ಅವನನ್ನು ನೋಡಿ, ನನ್ನನ್ನು ನೋಡಿ, ನನ್ನ ತೋಳಿನಲ್ಲಿದ್ದ ಸೀರೆಯನ್ನು ನೋಡಿದಳು. “ಬರ್ರಿ” ಎಂದಳು. ಆ ಬಹುವಚನದಲ್ಲಿ ನಾನೂ ಸೇರಿದ್ದೆನೋ ಇಲ್ಲವೋ ತಿಳಿಯದು, ಒಳಗೆ ಹೋದೆ. ಕಪ್ಪು-ಬಸಿ ಮತ್ತೆ ಕಪಾಟಿನಿಂದ ಇಳಿಯಿತು.

ಬರುವ ತಿಂಗಳು ಅವರ ಲಗ್ನ. ಆಮಂತ್ರಣ ಪತ್ರಿಕೆಯ ಕರಡನ್ನು ನಾನೇ ತಿದ್ದಿದ್ದೇನೆ. ಗಿರಿಜಾ ನನ್ನ ಬೆನ್ನ ಹಿಂದೆ ನಿಂತು ಕಾಯ್ದಳು. ಮೊನ್ನೆ ನಮ್ಮ ಮನೆಯ ಹೊಸ ಅಳಿಯಂದಿರು ಬಂದವರು, “ಅಣ್ಣಾರ, ಆ ಕಬ್ಬಿನ ಗದ್ದ್ಯಾಗ ಖೂನಿ ಮಾಡಿದಂವ ಯಾರಿದ್ದ ನೋಡ್ರಿ?” ಎಂದು ಕೇಳಿದರು. ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. ಆಮೇಲೆ ಓದಿ ಮುಗಿಸಿದ್ದ ಗಿರಿಜಾಳೂ ಸೇರಿ ಮೂವರೂ ಯೋಚಿಸಿದೆವು. ಯಾರಿಗೂ ಹೊಳೆಯಲಿಲ್ಲ. ಕಿಟಕಿ ಪೂರ್ವದ ಕಡೆಗೆಂದು ವಸುಂಧರಾ ಹೇಳಿದ್ದು ಮಾತ್ರ ಎಲ್ಲರಿಗೂ ನೆನಪಿತ್ತು. ಶಾಂತಾ ಕೂಡ ಈಗ ಮೊದಲ ಸಂಪುಟವನ್ನು ಕೈಗೆತ್ತಿಕೊಂಡಿದ್ದಾಳೆ. ಅನ್ನಕ್ಕೆ ಉಪ್ಪಿಲ್ಲದ ಆ ಪುಟಕ್ಕೆ ಬಂದಾಗ, “ಹೇಳಿಬಿಡಬಾರದೇನ್ರಿ ಇಂವ, ಪಾಪ!” ಎಂದಳು.

ಇದನ್ನೆಲ್ಲ ಬರೆಯುತ್ತ ಕುಳಿತಿರುವಾಗ ಶಾಂತಾ ಊಟಕ್ಕೆ ಕರೆದಳು. “ಬರ್ರಿ” ಎಂದಳು, ನಾನು ಏಳಲಿಲ್ಲ. ಮತ್ತೊಮ್ಮೆ “ಬರ್ರಿ” ಎಂದಳು, ವಾಕ್ಯವೊಂದು ಮುಗಿದಿರಲಿಲ್ಲ. ಮೂರನೆಯ ಸಲ ಅಡುಗೆಮನೆಯಿಂದ ಕೇಳಿಬಂದದ್ದು, “ಬಾ ಅಂದ್ನಿ!” ಎಂದು. ನನ್ನ ಲೇಖನಿ ನಿಂತಿತು. ಲಗ್ನವಾದಾಗಿನಿಂದ ಮೊದಲ ಬಾರಿಗೆ ಏಕವಚನ! ಪ್ರಭಂಜನರ ಸೂತ್ರದಂತೆ ಇದು ಪ್ರೀತಿ. ನಮ್ಮ ಸೀಮೆಯ ಸೂತ್ರದಂತೆ ಜಗಳ. ಅವಳು ಆ ಪುಸ್ತಕಗಳನ್ನು ಓದಲು ಹಿಡಿದಿರುವುದರಿಂದ ಯಾವ ಸೂತ್ರವನ್ನು ಹಚ್ಚಬೇಕೆಂದೇ ತಿಳಿಯದಾಗಿದೆ. ವಚನದ ವಿಷಯ ಹೀಗೆ ಅನಿರ್ಣೀತವಾಗಿಯೇ ಇದೆ. ಆದರೆ ಅದು ವಿಧ್ಯರ್ಥ, ಎಂದರೆ ಅಪ್ಪಣೆ, ಎಂಬುದರಲ್ಲಿ ಯಾವ ವ್ಯಾಕರಣಕ್ಕೂ ಸಂದೇಹವಿರಲಾರದು, ಏಳುತ್ತಿದ್ದೇನೆ.