ಅತ್ತೆಯ ನೀಲಗಿರಿ ಎಣ್ಣೆ

ನಮ್ಮ ಸೋದರತ್ತೆ ಖಾನಾಪುರದಲ್ಲಿ ಬಸ್ಸು ಹತ್ತಿದಳೆಂದರೆ, ಬೆಳಗಾವಿಯ ನಮ್ಮ ಮನೆಗೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಅತ್ತೆ! ಸುಳ್ಳು ಅಂತೀರಾ? ಎಪ್ಪತ್ತರ ದಶಕದಲ್ಲಿ ಆ ಬಸ್ಸಿನಲ್ಲಿ ಅವಳ ಪಕ್ಕ ಕುಳಿತವರನ್ನು ಕೇಳಿ ನೋಡಿ.

ಅವಳ ಸಂಚಿಯಲ್ಲಿ ಸದಾ ನೀಲಗಿರಿ ಎಣ್ಣೆಯ ಬಾಟಲಿ. ನೆಗಡಿಗೆ ಅದು, ತಲೆನೋವಿಗೆ ಅದು, ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಹುಣ್ಣಾದರೆ ಅದು. ಹೇನು, ತಿಗಣೆ, ಇರುವೆಗಳಿಗೂ ಅದೇ. ಲೋಕದಲ್ಲಿರುವ ರೋಗಗಳೆಲ್ಲ ನಮ್ಮ ಮನೆಯ ಮಕ್ಕಳನ್ನೇ ಹುಡುಕಿಕೊಂಡು ಹೊರಟಿವೆ ಎಂಬುದು ಅವಳ ದಿನದ ಭಯ. ನಾವು ಒಮ್ಮೆ ಸೀನಿದರೆ ಸಾಕು, ಅವಳ ಮುಖ ಬಿಳಚಿಕೊಳ್ಳುತ್ತಿತ್ತು.

ಒಂದು ಸಲ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು. ಅತ್ತೆ ಗಾಬರಿಯಿಂದ ನನ್ನ ಕರವಸ್ತ್ರಕ್ಕೆ ಎಣ್ಣೆ ಹನಿಸುವಾಗಲೇ ಬಸ್ಸು ಗುಂಡಿಗೆ ಇಳಿಯಬೇಕೆ! ಅರ್ಧ ಬಾಟಲಿ ಚೆಲ್ಲಿ, ಇಡೀ ಬಸ್ಸಿನ ಕಣ್ಣಲ್ಲಿ ನೀರು. ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದ.

"ಏನ್ರೀ ಅಕ್ಕಾರ, ಎಲ್ಲಾರನ್ನೂ ಅಳಸಾಕತ್ತೀರಲ್ಲ!"

"ಅಳ್ರಿ, ಅಳ್ರಿ. ಒಬ್ಬರಿಗೂ ನೆಗಡಿ ಉಳ್ಯಾಂಗಿಲ್ಲ!"

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನನ್ನ ಕೆನ್ನೆಯ ಮೇಲೊಂದು ಮೊಡವೆ ಎದ್ದಿತು. ನನಗಿಂತ ಹೆಚ್ಚು ಕಂಗಾಲಾದವಳು ಅತ್ತೆ. "ಸುಮ್ಮ ಕುಂದರು, ಒಂದ ಹನಿ ಅಷ್ಟ" ಎಂದು ಹಸಿ ಎಣ್ಣೆಯನ್ನೇ ತಿಕ್ಕಿದಳು. ಗಂಟೆ ಕಳೆದರೂ ಮೊಡವೆ ಇದ್ದಲ್ಲೇ ಇತ್ತು, ಕೆನ್ನೆ ಮಾತ್ರ ಕೆಂಪಾಗಿ ಊದಿತ್ತು! ಹುಡುಗ ಚಹಾ ಕುಡಿಯುತ್ತ ಮೆಲ್ಲಗೆ ಕೇಳಿದ: "ಹಲ್ಲು ಭಾಳ ನೋಯ್ತದೇನ್ರಿ?" ನಾನು ತಡೆಯಲಾರದೆ ನಕ್ಕುಬಿಟ್ಟೆ. ಅವನೂ ನಕ್ಕ. ಮದುವೆಯಾಯಿತು. ಅದೂ ಎಣ್ಣೆಯ ಗುಣವೇ ಎಂದು ಅತ್ತೆ ಖಾನಾಪುರಕ್ಕೆಲ್ಲ ಸಾರಿಕೊಂಡು ಬಂದಳು.

ಎಂಬತ್ತರ ದಶಕದಲ್ಲಿ ನನಗೆ ಮಗಳು ಹುಟ್ಟಿದಳು, ದಿನ ತುಂಬುವ ಮೊದಲೇ. ಬೊಗಸೆಯಷ್ಟು ಕೂಸು. ಉಸಿರಾಡಲು ಅದು ಪಡುತ್ತಿದ್ದ ಕಷ್ಟ ನೋಡಿ ನಮ್ಮ ಉಸಿರೇ ನಿಂತಂತಾಗುತ್ತಿತ್ತು. ಮರುದಿನ ಬೆಳಿಗ್ಗೆಯೇ ಅತ್ತೆ ಬೆಳಗಾವಿಯ ಆಸ್ಪತ್ರೆಗೆ ಓಡಿ ಬಂದಳು. ನರ್ಸ್ ಬಾಗಿಲಲ್ಲೇ ತಡೆದಳು.

"ಅಮ್ಮಾರ, ಈ ಎಣ್ಣಿ ವಾಸನಿ ಇಂಥಾ ಸಣ್ಣ ಕೂಸಿಗೆ ಆಗೂದಿಲ್ರಿ. ಉಸುರು ಹಿಡಿತೈತಿ."

ಈಗ ಜಗಳ ಶುರುವಾಗುತ್ತದೆ ಎಂದು ನಾನು ಹೆದರಿದೆ. ಆದರೆ ಅತ್ತೆ ಬಾಟಲಿಯನ್ನು ನರ್ಸಿನ ಕೈಗಿತ್ತಳು. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಕೈ, ಮುಖ, ಕುತ್ತಿಗೆಯನ್ನು ಮತ್ತೆ ಮತ್ತೆ ತಿಕ್ಕಿ ತೊಳೆದಳು. ನನ್ನ ಅವ್ವನ ಸೀರೆ ಉಟ್ಟು ಬಂದಳು. ಆದರೂ ಒಳಗೆ ಕಾಲಿಡಲಿಲ್ಲ.

"ನಾ ಇಲ್ಲಿಂದನ ನೋಡ್ತೀನಿ" ಎಂದು ನಾಲ್ಕು ದಿನ ಬಾಗಿಲಲ್ಲೇ ನಿಂತಳು.

ಐದನೆಯ ದಿನ ಡಾಕ್ಟರು, ಇನ್ನು ಭಯವಿಲ್ಲ ಎಂದರು. ನಾನು ಅತ್ತೆಯನ್ನು ಒಳಗೆ ಕರೆದು ಕೂಸನ್ನು ಅವಳ ತೊಡೆಯ ಮೇಲಿಟ್ಟೆ. ನೋಡುತ್ತೇನೆ, ಅವಳ ತುಟಿ ಬಿಗಿದಿದೆ, ಮುಖ ಕೆಂಪೇರುತ್ತಿದೆ.

"ಯಾಕತ್ತಿ, ಏನಾತು?"

ಅವಳು ಗೋಡೆಯ ಕಡೆ ಮುಖ ತಿರುಗಿಸಿ ಭುಸ್ಸೆಂದು ಉಸಿರು ಬಿಟ್ಟಳು.

"ನನ್ನ ಉಸುರಿನ್ಯಾಗೂ ಆ ವಾಸನಿ ಇದ್ದರ?"

ಮತ್ತೆ ಉಸಿರು ಬಿಗಿಹಿಡಿದು ಕೂಸಿನ ಕಡೆ ಬಾಗಿದಳು.