ಅತ್ತೆಯ ಇಂಗ್ಲೆಂಡಿನ ಬಳಗ

ನಮ್ಮ ಸೋದರತ್ತೆಗೆ ಇಂಗ್ಲೆಂಡಿನಲ್ಲಿ ದೊಡ್ಡ ಬಳಗವಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಅಲ್ಲಿನ ಕ್ಯಾಂಪ್ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ನಿಂತು ನಿಂತು ಕಾಲು ಬಾತುಕೊಂಡ ಹೆಂಗಸು ಅವಳು. ಇಂಗ್ಲಿಷಿನಲ್ಲಿ ಬರುತ್ತಿದ್ದುದು ‘ಫಿಕ್ಸ್ ರೇಟ್’ ಎಂಬ ಎರಡೇ ಶಬ್ದ! ಆದರೂ ಆ ಬಳಗದಲ್ಲಿ, ಮುಂಜಿಯೊಂದನ್ನು ಬಿಟ್ಟು, ಮಿಕ್ಕ ಯಾವ ಕಾರ್ಯವೂ ಅವಳು ತಲೆ ಹಾಕದೆ ನಡೆಯುತ್ತಿರಲಿಲ್ಲ.

ಬಳಗ ವಾಸವಾಗಿದ್ದದ್ದು ಟೀವಿಯೊಳಗೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಪುಣೆಯ ಹತ್ತಿರದ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಅತ್ತೆಯ ಮನೆಯಲ್ಲಿ ಬಿಡಾರ ಹೂಡಿದ್ದೆ. ಪ್ರತಿ ರವಿವಾರ ಸಂಜೆ ಕೇಬಲ್ಲಿನಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಕುದುರೆಗಾಡಿಗಳ ಕಾಲ, ಕೋಟೆಯಂಥ ಮನೆ, ನೆಲ ಗುಡಿಸುವ ಲಂಗಗಳು. ಅಲ್ಲಿಯವರ ಹೆಸರು ನಾಲಿಗೆಗೆ ಹೊರಳದ್ದರಿಂದ ಅತ್ತೆ ಎಲ್ಲರಿಗೂ ಹೊಸದಾಗಿ ನಾಮಕರಣ ಮಾಡಿದ್ದಳು. ಮನೆಯ ಯಜಮಾನ ದೇಸಾಯರು. ಅವರ ಹಿರಿಯ ಮಗಳು ಗಂಗವ್ವ. ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು ಎಲ್ಲರ ಮೇಲೂ ಕಣ್ಣು ಬಿಡುವ ಮುದುಕಿ, ಖಡಕ್ ಕಾಕು, ಅಂದರೆ ಬಿರುಸಿನ ಚಿಕ್ಕಮ್ಮ!

ಅಂಗಡಿಯಲ್ಲೂ ಇದೇ ಮಾತು. ಒಮ್ಮೆ ಬೆಳಗಾವಿ ಕಡೆಯ ಗಿರಾಕಿಯೊಬ್ಬರು, ಗಂಗವ್ವನಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋದ ಕಥೆ ಕೇಳಿ ಮರುಗಿ, “ನಮ್ಮ ಮೈದುನಗ ಹುಡುಗಿ ನೋಡಾಕತ್ತೀವ್ರಿ. ನಿಮ್ಮ ಗಂಗವ್ವನ ಜಾತಕ ಕೊಡ್ತೀರೇನು?” ಎಂದರಂತೆ. ಅತ್ತೆ ಗಂಭೀರವಾಗಿ ಯೋಚಿಸಿ, “ಹುಡುಗಿ ಭಾಳ ಛಲೋ ಅದಾಳ್ರಿ. ಆದ್ರ ಒಂದು ಕಪ್ ಚಾ ಮಾಡಾಕೂ ಆಳು ಬೇಕು. ನಿಮ್ಮ ಮನ್ಯಾಗ ನಡೀತದೇನು?” ಎಂದು ಕೇಳಿದಳಂತೆ. ಸಂಬಂಧ ಅಲ್ಲಿಗೇ ಮುರಿಯಿತು!

ಇಂಗ್ಲಿಷ್ ಬಾರದವಳಿಗೆ ಕಥೆ ಹೇಗೆ ತಿಳಿಯುತ್ತಿತ್ತು? ಅದಕ್ಕೆ ಎದುರುಮನೆಯ ಬಾಯಿ ಇದ್ದರು. ಪುಣೆಯಲ್ಲಿ ಶಾಲೆಯ ಮೇಡಂಗಳಿಗೆ ಬಾಯಿ ಎನ್ನುತ್ತಾರೆ. ಇವರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಮದುವೆಯಾಗದೆ ಒಬ್ಬರೇ ಇದ್ದವರು. ಹೆಸರು ಬಾಯಿಯಾದರೂ ಮಾತು ಬಹಳ ಕಡಿಮೆ. ಅತ್ತೆಯ ತಕರಾರೇ ಅದು.

“ಅವರು ಅಷ್ಟೊತ್ತು ಮಾತಾಡಿದ್ರು, ನೀವು ‘ಅವನಿಗೆ ದುಃಖ ಆಗಿದೆ’ ಅಂತ ಮುಗಿಸಿದ್ರಿ. ಉಳಿದ ಮಾತು ಎಲ್ಲಿ ಹೋತು?”

“ಉಳಿದದ್ದೂ ದುಃಖವೇ,” ಎನ್ನುತ್ತಿದ್ದರು ಬಾಯಿ.

ಇಬ್ಬರ ವ್ಯವಹಾರ ನಡೆಯುತ್ತಿದ್ದುದು ಮರಾಠಿಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ಅತ್ತೆಗೆ ಸಿಟ್ಟೋ ಉತ್ಸಾಹವೋ ಉಕ್ಕಿದಾಗ ಮಾತ್ರ ಅಸಲಿ ಧಾರವಾಡ ಕನ್ನಡ ನುಗ್ಗುತ್ತಿತ್ತು. ಬಾಯಿಯವರಿಗೆ ಅದೂ ಅಭ್ಯಾಸವಾಗಿತ್ತು.

ಎಲ್ಲ ಸುಸೂತ್ರವಾಗಿಯೇ ಇತ್ತು, ಆ ಹಡಗಿನವನು ಬರುವವರೆಗೆ. ಹಡಗಿನ ಅಧಿಕಾರಿ, ಚಿನ್ನದ ಗುಂಡಿಯ ಕೋಟು, ನಗುಮುಖ. ಗಂಗವ್ವನ ಕೈ ಹಿಡಿದು ‘ಬೇಗ ಬರ್ತೀನಿ’ ಎಂದು ಮಾತು ಕೊಟ್ಟು ಹೋದ. ಹೋದವನು ಹೋದ. ವಾರ ವಾರವೂ ಗಂಗವ್ವ ಕಿಟಕಿಯಲ್ಲಿ ನಿಲ್ಲುವುದು, ದೇಸಾಯರು ಬೇರೆ ವರ ತರುವುದು, ಅವಳು ಒಲ್ಲೆ ಎನ್ನುವುದು.

“ಬರ್ತಾನೆ,” ಎಂದರು ಬಾಯಿ.

“ಬರೂದಿಲ್ಲ,” ಎಂದಳು ಅತ್ತೆ. “ಹೋದಾಂವ ಬರೂದಿಲ್ಲ. ಆ ಹುಡುಗಿಗೆ ಯಾರರ ಹೇಳ್ರಿ, ಕಿಟಕಿ ಹಾಕಿ ಒಳಗ ಹೋಗಂತ!”

“ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ.”

“ಬಸ್ ಹತ್ತೂ ಮುಂದ ಯಾರ ಕಣ್ಣಾಗೂ ಸುಳ್ಳು ಇರೂದಿಲ್ಲ!”

ಹಡಗು ಎನ್ನಬೇಕಾದಲ್ಲಿ ಬಸ್ ಎಂದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ನನಗೆ ಗೊತ್ತಾಯಿತು. ನಮ್ಮ ಮಾವ, ಮದುವೆಯಾದ ಹೊಸದರಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ನೋಡಿಕೊಂಡು ಬರುತ್ತೇನೆಂದು ಇಂದಾಪುರದ ಬಸ್ ಹತ್ತಿದವನು. ಕೆಲಸವೂ ಸಿಕ್ಕಿತು, ಅಲ್ಲೇ ಇನ್ನೊಂದು ಸಂಸಾರವೂ ಆಯಿತೆಂದು ಆಮೇಲೆ ತಿಳಿಯಿತು. ಧಾರವಾಡದಿಂದ ನಮ್ಮಪ್ಪ ಬಂದು ಕರೆದರೂ ಅತ್ತೆ ಹೊರಡಲಿಲ್ಲ. ಆ ಬಗ್ಗೆ ಅವಳು ಬಾಯಿ ಬಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ.

ಆ ಸಂಜೆ ಅತ್ತೆ ಟೀವಿ ಆರಿಸಿಬಿಟ್ಟಳು. ಬಾಯಿ ಎದ್ದು, ಗೋಡೆ ಹಿಡಿದುಕೊಂಡು, ತಮ್ಮ ಮನೆಗೆ ಹೋದರು. ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

ಭಾಷಾಂತರದ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಆ ಇಂಗ್ಲಿಷರೋ ತುಟಿ ಬಿಚ್ಚದೆ ಮಾತಾಡುವ ಜನ! ನಾನು ತಡವರಿಸಿದರೆ ಅತ್ತೆ, “ನಿನಗ ಇಂಗ್ಲಿಷ್ ಬರ್ತದಂತ ನಿಮ್ಮ ಕಂಪನಿಯವರು ಹ್ಯಾಂಗ ನಂಬಿದ್ರೋ ಏನೋ!” ಎನ್ನುತ್ತಿದ್ದಳು. ಅಂಗಡಿಯಲ್ಲೂ ಮಾತು ನಿಂತಿತು. ಅವಳು ಸುಮ್ಮನೆ ಸೀರೆ ತೋರಿಸತೊಡಗಿದಾಗ ಮಾಲೀಕರು, ಮೈಯಲ್ಲಿ ಹುಷಾರಿಲ್ಲವೇ ಎಂದು ಮನೆಗೆ ಕಳಿಸಿದರಂತೆ. ರವಿವಾರ ಸಂಜೆ ನಾವಿಬ್ಬರೇ ಟೀವಿಯ ಮುಂದೆ ಕೂತರೆ, ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಅವಳ ಕತ್ತು ಬಾಗಿಲ ಕಡೆ ಹೊರಳುತ್ತಿತ್ತು. ಊರು ತುಂಬ ಜನ, ಕೆಳಗೆ ರಿಕ್ಷಾಗಳ ಗದ್ದಲ. ಆದರೂ ಆ ಕೋಣೆಯಲ್ಲಿ ನಮಗೆ ಮಾತಾಡಲು ಏನೂ ಇರುತ್ತಿರಲಿಲ್ಲ.

ಕೊನೆಗೊಂದು ದಿನ, “ಅಹಂಕಾರ ನೋಡು ಆಕೀದು!” ಎಂದು ಬೈಯುತ್ತಲೇ ಅತ್ತೆ ಒಂದು ಡಬ್ಬಿ ಅವಲಕ್ಕಿ ಹಿಡಿದು ಎದುರುಮನೆಯ ಬಾಗಿಲು ತಟ್ಟಿದಳು. ಹಿಂದೆ ನಾನಿದ್ದೆ. ಬಾಗಿಲು ತೆರೆದ ಬಾಯಿ ನಮ್ಮಿಬ್ಬರ ನಡುವಿನ ಖಾಲಿ ಜಾಗವನ್ನು ನೋಡಿ, “ಯಾರು?” ಎಂದರು.

ಕಣ್ಣು ಬಹಳ ದಿನಗಳಿಂದ ಮಂಜಾಗುತ್ತ ಬಂದಿತ್ತಂತೆ. ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಹೇಳಲಿಕ್ಕೆ ಅವರಿಗಾದರೂ ಯಾರಿದ್ದರು?

ಅತ್ತೆ ಡಬ್ಬಿಯನ್ನು ನನ್ನ ಕೈಗೆ ತುರುಕಿ ಬಾಯಿಯವರ ತೋಳು ಹಿಡಿದಳು. “ನಿಮಗ ಕಾಣೂದಿಲ್ಲ, ನನಗ ತಿಳಿಯೂದಿಲ್ಲ. ಇಬ್ಬರೂ ಸೇರಿದ್ರ ಒಬ್ಬಾಕಿ ಪೂರಾ ಆಗ್ತೀವಿ. ನಡೀರಿ.”

ಆಮೇಲಿನ ರವಿವಾರಗಳ ಗದ್ದಲ ಕೇಳಬೇಡಿ! ಟೀವಿಯ ಮಾತು ಬಾಯಿ ಹೇಳುವುದು, ಟೀವಿಯ ನೋಟ ಅತ್ತೆ ಹೇಳುವುದು. ಇಬ್ಬರೂ ಒಟ್ಟಿಗೆ ಶುರುಮಾಡಿದರೆ ಪಾಪ, ಆ ನಟರ ದನಿ ಯಾರಿಗೆ ಕೇಳಬೇಕು? ಅತ್ತೆ ನೋಟ ವಿವರಿಸುವಾಗ ಲಂಗದ ಅಂಚಿಗೇ ಅರ್ಧ ಸಮಯ ಹೋಗುತ್ತಿತ್ತು.

“ಖಡಕ್ ಕಾಕು ಕರೇ ಬಟ್ಟೀ ಹಾಕ್ಯಾಳ. ಅಂಚಿಗೆ ಜರಿ ಇಲ್ಲ.”

“ಜರಿ ಬಿಡಿ, ಮುಖ ಹೇಗಿದೆ?”

“ಮುಖ ಯಾವತ್ತಿನಂಗ. ಆಕಿ ಮುಖಕ್ಕೂ ಜರಿ ಇಲ್ಲ!”

ಹಡಗಿನವನ ವಿಷಯಕ್ಕೆ ಮಾತ್ರ ರಾಜಿಯಿರಲಿಲ್ಲ. ಬರುತ್ತಾನೆ ಎಂದು ಒಬ್ಬರು, ಬರುವುದಿಲ್ಲ ಎಂದು ಇನ್ನೊಬ್ಬರು. ಯಾರಿಗಾಗಿ ಬಾಯಿ ಅಷ್ಟು ಹಟ ಹಿಡಿದಿದ್ದರೋ ನನಗೆ ತಿಳಿಯಲಿಲ್ಲ, ಅತ್ತೆಯೂ ಕೇಳಲಿಲ್ಲ.

ಹೀಗೆಯೇ ಕೊನೆಯ ಕಂತು ಬಂತು. ದೇಸಾಯರು ತೀರಿಹೋಗಿದ್ದರು. ತಂಗಿಯರೆಲ್ಲ ಗಂಡನ ಮನೆ ಸೇರಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಗಂಗವ್ವ ಒಬ್ಬಳೇ, ಕೂದಲು ನರೆತು, ಕಿಟಕಿಯ ಬಳಿ ನಿಂತಿದ್ದಳು. ಮಾತಿಲ್ಲ, ಬರೀ ಪಿಟೀಲು. ದೂರದಲ್ಲಿ ಒಂದು ಕುದುರೆಗಾಡಿ ಕಂಡಿತು. ಗೊರಸಿನ ಸದ್ದು ಹತ್ತಿರ ಬಂತು. ಬಾಯಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದರು. ಗಾಡಿ ಗೇಟಿನವರೆಗೆ ಬಂತು, ನಿಲ್ಲಲಿಲ್ಲ, ಮುಂದೆ ಹೋಯಿತು. ಖಾಲಿ ರಸ್ತೆ. ಅದರ ಮೇಲೆ ನಟರ ಹೆಸರುಗಳು ಓಡತೊಡಗಿದವು.

ಅತ್ತೆ ಗೆದ್ದಿದ್ದಳು. ಇನ್ನು ಅವಳ ಜಂಬದ ಮುಂದೆ ಈ ಕಟ್ಟಡದಲ್ಲಿ ನಮಗೆ ಉಳಿಗಾಲವಿಲ್ಲ ಎಂದುಕೊಂಡೆ ನಾನು.

“ಕಾಯ್ ಝಾಲಂ?” ಎಂದರು ಬಾಯಿ. “ಏನಾಯ್ತು? ಗಾಡಿ ಬಂತಲ್ಲ? ಬಂದನೇ?”

ಅತ್ತೆ ಪರದೆಯನ್ನೇ ನೋಡುತ್ತಿದ್ದಳು. ಹೆಸರುಗಳು ಮುಗಿಯುತ್ತ ಬಂದಿದ್ದವು. ನಾನು ನಡೆದದ್ದನ್ನು ಹೇಳಹೊರಟೆ. ಅವಳು ನನ್ನ ಮೊಣಕೈಯನ್ನು ಗಟ್ಟಿಯಾಗಿ ಒತ್ತಿದಳು.

“ಬಂದ,” ಎಂದಳು.

“ಹೇಗಿದ್ದಾನೆ?”

“ಮುದುಕ ಆಗ್ಯಾನ. ಕೋಟಿನ ಗುಂಡಿ ಹೋಗ್ಯಾವ. ಗೇಟಿನ ಹತ್ರ ನಿಂತಾನ, ಒಳಗ ಬರಾಕ ಧೈರ್ಯ ಆಗವಲ್ದು.”

“ಅವಳು?”

“ಇಳಿದು ಬಂದಾಳ.”

“ಬೈದಳೇ?”

ಅತ್ತೆ ರಿಮೋಟಿನಿಂದ ಟೀವಿಯ ಸದ್ದು ಇಳಿಸಿದಳು.

“ಇಲ್ಲ,” ಎಂದಳು ಆಮೇಲೆ, “ಇಷ್ಟು ದಿನ ಎಲ್ಲಿದ್ದಿ ಅಂತನೂ ಕೇಳ್ಲಿಲ್ಲ. ಕೈಕಾಲು ತೊಳ್ಕೊಳಾಕ ನೀರು ಕೊಟ್ಟಾಳ.”