ಇಬ್ಬರು ಯುವರಾಜರು, ಒಂದು ಕೊನೆಯ ಫಾರಂ

ಎಲ್ಲಕ್ಕೂ ಕಾರಣ ಕೆಂಪು ಪೆನ್ನಿನ ಸೋಮಾರಿತನ. ಕೆಂಪು ಪೆನ್ನು ಎಂದರೆ ಪೆನ್ನಲ್ಲ, ಮನುಷ್ಯ. ಮುದ್ರಣಾಲಯದ ಪ್ರೂಫ್ ರೀಡರು. ಬಹಳ ವರ್ಷ ಕೆಳಗಿನ ಬೆಂಚಿನಲ್ಲಿ ಕಾಗದ ಮಡಿಚಿ ಮಡಿಚಿ, ಮೊನ್ನೆ ಮೊನ್ನೆಯಷ್ಟೇ ಮಹಡಿಯ ಕಿಟಕಿ ಪಕ್ಕದ ಕುರ್ಚಿಗೆ ಬಡ್ತಿ ಪಡೆದಿದ್ದ. ಕುರ್ಚಿಗೆ ಕೈಗಳಿದ್ದವು, ನೆತ್ತಿಯ ಮೇಲೆ ಫ್ಯಾನು ಇತ್ತು. ಅಲ್ಲಿ ಕೂರಿಸುವಾಗ ಯಜಮಾನರು ಹೇಳಿದ್ದು ಒಂದೇ ಮಾತು: "ಒಂದು ದೊಡ್ಡ ತಪ್ಪು ಕಂಡ್ರೂ ಮತ್ತೆ ಬೆಂಚೇ ಗತಿ, ನೆನಪಿರಲಿ."

ಪುಸ್ತಕ ಅಚ್ಚಾಗುವುದು ಪುಟ ಪುಟವಾಗಿ ಅಲ್ಲ. ಹದಿನಾರು ಪುಟ ಒಂದೇ ದೊಡ್ಡ ಹಾಳೆಯಲ್ಲಿ ಬರುತ್ತದೆ. ಅದನ್ನು ಫಾರಂ ಎನ್ನುತ್ತಾರೆ. ಮಡಿಚಿ ಜೋಡಿಸುವವರಿಗೆ ಗುರುತು ಸಿಗಲೆಂದು ಪ್ರತಿ ಫಾರಮ್ಮಿನ ಅಡಿಯಲ್ಲಿ ಪುಸ್ತಕದ ಹೆಸರು, ಅಂಕಿ ಎರಡೂ ಇರಬೇಕು. ಈ ಸಲ ಕೆಂಪು ಪೆನ್ನು ಅಂಕಿ ಮಾತ್ರ ಹಾಕಿಸಿದ್ದ. ಹೆಸರು ಹೇಗೂ ರಟ್ಟಿನ ಮೇಲೆ ಇರುತ್ತದಲ್ಲ ಎಂಬುದು ಅವನ ವಾದ. ಆ ವಾರ ಎರಡು ಮಾಯಾಲೋಕದ ಕಾದಂಬರಿಗಳು ಒಟ್ಟಿಗೆ ಅಚ್ಚಾಗುತ್ತಿದ್ದವು, ಒಂದು ನಿವೃತ್ತ ಟೀಚರಮ್ಮನದು, ಇನ್ನೊಂದು ಹಲ್ಲಿನ ಡಾಕ್ಟರದು.

ಬಿಡುಗಡೆಯ ದಿನ ಬೆಳಿಗ್ಗೆ ಬೈಂಡಿಂಗ್ ಅಕ್ಕ ಎರಡು ಪ್ರತಿ ಹಿಡಿದು ಏದುಸಿರು ಬಿಡುತ್ತ ಮಹಡಿ ಹತ್ತಿದಳು.

"ತಮ್ಮಾ, ಡಾಕ್ಟರ ಪುಸ್ತಕದಲ್ಲಿ ಹೀರೋ ಜೊತೆ ಇದ್ದಿದ್ದು ಕುದುರೆ ತಾನೆ?"

"ಹೌದಕ್ಕ. ಯಾಕೆ?"

"ಕೊನೇಲಿ ಗಿಡುಗ ಆಗಿದೆ. ಟೀಚರಮ್ಮನ ಪುಸ್ತಕದಲ್ಲಿ ಗಿಡುಗ ಹೋಗಿ ಕುದುರೆ ಬಂದಿದೆ. ಕೊನೇ ಫಾರಂ ಅದಲುಬದಲಾಗಿದೆ ಕಣೋ, ಎಲ್ಲಾ ಪ್ರತೀಲೂ!"

ಕೆಂಪು ಪೆನ್ನು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ.

ಅಷ್ಟರಲ್ಲಿ ಮಶೀನು ನಡೆಸುವ ಮಾವನೂ ಮೇಲೆ ಬಂದ. ಕರೆಯದಿದ್ದರೂ ಸಲಹೆ ಕೊಡುವುದು ಅವನ ಹುಟ್ಟುಗುಣ. "ಅಷ್ಟೇ ತಾನೆ? ರಟ್ಟು ಕಿತ್ತು ಅದಲುಬದಲು ಮಾಡಿ. ಕೊನೆ ಸರಿಹೋಗುತ್ತೆ."

"ಮೊದಲಿನ ಹನ್ನೊಂದು ಫಾರಂ ಕೆಡುತ್ತಲ್ಲ ಮಾವ!" ಎಂದ ಕೆಂಪು ಪೆನ್ನು.

"ಅದನ್ನೆಲ್ಲ ಯಾರು ಓದ್ತಾರೆ?"

ಅದು ಬೇಡವೆಂದಾಗ, ಕೊನೆಯ ಫಾರಮ್ಮನ್ನೇ ಕತ್ತರಿಸಿ ತೆಗೆಯೋಣ ಎಂದು ಮಾವ ಒಂದು ಪ್ರತಿಯನ್ನು ಕಟಿಂಗ್ ಮಶೀನಿಗೆ ಕೊಟ್ಟ. ಫಾರಮ್ಮಿನ ಜೊತೆ ಪುಸ್ತಕದ ಬೆನ್ನೂ ಬಂತು. ಉಳಿದ ಪ್ರತಿಗಳನ್ನಾದರೂ ಬಚ್ಚಿಡೋಣ ಎಂದು ಮೂವರೂ ಗೋದಾಮಿಗೆ ಓಡಿದರೆ ಗೋದಾಮು ಖಾಲಿ. ಯಜಮಾನರು ಆಗಲೇ ಎಲ್ಲವನ್ನೂ ಸಭಾಂಗಣಕ್ಕೆ ಸಾಗಿಸಿದ್ದರು.

"ಇವತ್ತು ಇಬ್ಬರೂ ಕೊನೇ ಪುಟಗಳನ್ನ ಓದ್ತಾರಂತೆ. ನೀನು ಮುಂದಿನ ಸಾಲಲ್ಲೇ ಕೂತ್ಕೋ," ಎಂದು ಯಜಮಾನರು ಕೆಂಪು ಪೆನ್ನಿನ ಬೆನ್ನು ತಟ್ಟಿದರು. ಅವನಿಗೆ ಬೆನ್ನಿನ ಮೇಲೆ ಬೆಂಚೇ ಬಿದ್ದಂತಾಯಿತು.

ಸಂಜೆ ಸಭಾಂಗಣ ತುಂಬಿತ್ತು. ಮೊದಲು ಡಾಕ್ಟರು ಎದ್ದು, ಹುಡುಗ ಮತ್ತು ಅವನ ಕುದುರೆಯ ಕತೆಯನ್ನು ಚುಟುಕಾಗಿ ಹೇಳಿದರು. ಮೂವರ ಗುಟ್ಟಿನ ಒಪ್ಪಂದದ ಪ್ರಕಾರ, ಅವರು ಪುಸ್ತಕ ತೆರೆದ ಕೂಡಲೇ ಓದಲಾಗದಂತೆ ಮಾವ ದೀಪ ಆರಿಸಬೇಕಿತ್ತು. ಆರಿಸಿದ. ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಮುಳುಗುವ ಸೂರ್ಯನ ಬೆಳಕಿನಲ್ಲಿ ಇನ್ನಷ್ಟು ಭಾವಪೂರ್ಣವಾಗಿ ಓದತೊಡಗಿದರು.

ಕೆಂಪು ಪೆನ್ನು ಕಣ್ಣು ಮುಚ್ಚಿ, ಡಾಕ್ಟರ ಬಾಯಲ್ಲಿ ಟೀಚರಮ್ಮನ ಕೊನೆಯನ್ನು ಕೇಳಿದ. ಅನಾಥನಾಗಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಹುಡುಗ ಈಗ ಯುವರಾಜ. ಎಡಭುಜದ ಮಚ್ಚೆ ಹೊಳೆಯಿತು. ಬಿಳಿಗಡ್ಡದ ಗುರು ಸೇತುವೆಯ ಮೇಲೆ ಪ್ರಾಣ ಬಿಟ್ಟ. ಕತ್ತಿ ನೀಲಿಯಾಯಿತು, ಕತ್ತಲರಾಜ ಬೂದಿಯಾದ. ಡಾಕ್ಟರ ಸ್ವಂತ ಕತೆಯಲ್ಲೂ ಹುಡುಗ ಅನಾಥನೇ, ಮಚ್ಚೆ ಎಡಭುಜದಲ್ಲೇ, ಗುರು ಸಾಯುವುದು ಸೇತುವೆಯ ಮೇಲೇ. ಇಬ್ಬರು ಹುಡುಗರೂ ಪಟ್ಟಕ್ಕೆ ಬಂದ ಮೇಲೆ ಅವರ ಹೆಸರನ್ನೇ ಕೈಬಿಟ್ಟು, ಬರೀ ಯುವರಾಜ ಎಂದೇ ಕರೆದಿದ್ದರು ಬರೆದ ಪುಣ್ಯಾತ್ಮರು. ಎಲ್ಲಿಯೂ ಎಡವದೆ ಕತೆ ಸಾಗಿತು. ಉಳಿದದ್ದು ಗಿಡುಗವೊಂದೇ.

"ಗಿಡುಗ ಹಾರಿಬಂದು ಯುವರಾಜನ ಭುಜದ ಮೇಲೆ ಕುಳಿತಿತು," ಎಂದು ಡಾಕ್ಟರು ಓದಿ, ಒಂದು ಕ್ಷಣ ಹುಬ್ಬು ಗಂಟಿಕ್ಕಿದರು.

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸೊಬ್ಬರು ಬಿಕ್ಕಿದರು. "ಅಯ್ಯೋ, ಆ ಕುದುರೇಗೆ ಶಾಪ ಇತ್ತು ಅಂತ ಈಗ ಗೊತ್ತಾಯ್ತು!"

ಚಪ್ಪಾಳೆಯೋ ಚಪ್ಪಾಳೆ. ಡಾಕ್ಟರು ಹುಬ್ಬು ಸಡಿಲಿಸಿ ಕೈಮುಗಿದರು. ವೇದಿಕೆಯ ಮೇಲೆ ಟೀಚರಮ್ಮ ಕಣ್ಣೊರೆಸಿಕೊಂಡು, "ಎಂಥಾ ಶೈಲಿ! ನಾನು ಬರೆದಿದ್ರೂ ಹೀಗೇ ಬರೀತಿದ್ದೆ," ಎಂದರು.

ಮಾವ ತನ್ನ ತಪ್ಪಿಗೆ ನಾಚಿ ದೀಪ ಹಾಕಿದ. ಟೀಚರಮ್ಮ ಓದಿದರು. "ಯುವರಾಜ ಅದರ ಕತ್ತು ನೇವರಿಸಿ, ಬೆನ್ನೇರಿ, ಗಡಿಯತ್ತ ಹೊರಟ." ಓದಿ ಥಟ್ಟನೆ ನಿಂತರು. ಕನ್ನಡಕ ತೆಗೆದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಕೆಂಪು ಪೆನ್ನಿನ ಕೈ ಹಿಡಿದುಕೊಂಡಳು.

"ಇದನ್ನ ನಾನು ಬರೆದ್ನಾ?" ಎಂದರು ಟೀಚರಮ್ಮ. "ಗಿಡುಗದ ಬೆನ್ನೇರಿ ಹೋಗೋದು... ಬರೆಯುವಾಗ ಇದು ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಆಗಿರಲಿಲ್ಲ!"

ಸಭೆ ಎದ್ದು ನಿಂತಿತು.

ಲೋಕದಲ್ಲಿ ಇಷ್ಟೊಂದು ಒಳ್ಳೆಯವರು ಇದ್ದಾರೆಂದು ಕೆಂಪು ಪೆನ್ನಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಪಕ್ಕದಲ್ಲೇ ಕೂತು ತನ್ನ ಕೈ ಹಿಡಿದುಕೊಂಡಿದ್ದ ಅಕ್ಕ, ಎಡವಟ್ಟಾದರೂ ತನಗಾಗಿಯೇ ಓಡಾಡಿದ ಮಾವ, ಬಿಕ್ಕಿದ ಆ ಪುಣ್ಯಾತ್ಗಿತ್ತಿ, ಒಂದೇ ಸೇತುವೆಯ ಮೇಲೆ ತಪ್ಪದೆ ಪ್ರಾಣ ಬಿಟ್ಟ ಇಬ್ಬರು ಗುರುಗಳು, ಎಲ್ಲರ ಮೇಲೂ ಪ್ರೀತಿ ಉಕ್ಕಿತು. ಇಷ್ಟು ಉಪಕಾರ ಪಡೆದು ಯಜಮಾನರ ಮುಂದೆ ಬಾಯಿ ಮುಚ್ಚಿಕೊಂಡಿರಲು ಮನಸ್ಸು ಬರಲಿಲ್ಲ. "ಬೇಡ ಕಣೋ," ಎಂದು ಅಕ್ಕ ಅಂಗಿ ಹಿಡಿದೆಳೆದರೂ ಕೇಳದೆ, ಸಭೆ ಕರಗಿದ ಮೇಲೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ.

ಯಜಮಾನರು ಎರಡೂ ಪುಸ್ತಕಗಳ ಕೊನೆ ತಿರುವಿದರು. ಮುಖ ಕೆಂಪಾಯಿತು. ಆಮೇಲೆ ಬಿಳುಪಾಯಿತು. ಆಮೇಲೆ ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡರು.

"ನನ್ನ ಕಣ್ಣು ತೆರೆಸಿದೆ ಕಣಯ್ಯ! ಇನ್ಮೇಲೆ ಹೊಸ ಕತೆ ಅಚ್ಚು ಮಾಡೋ ಗೋಜೇ ಬೇಡ. ಇರೋ ಫಾರಮ್ಮುಗಳನ್ನೇ ಅದಲುಬದಲು ಮಾಡಿ ಹೊಸ ರಟ್ಟು ಹಾಕ್ತಾ ಹೋದ್ರಾಯ್ತು. ಟೀಚರಮ್ಮ, ಡಾಕ್ಟರು ಇಬ್ಬರೂ ಖುಷಿಯಾಗಿರ್ತಾರೆ, ಓದೋರೂ ಖುಷಿಯಾಗಿರ್ತಾರೆ. ಈ ಉಪಕಾರಾನ ನಾನು ಸಾಯೋತನಕ ಮರೆಯಲ್ಲ!"

ಕೆಂಪು ಪೆನ್ನು ಹಿಗ್ಗಿ ಹೀರೇಕಾಯಿಯಾದ. "ಹಾಗಾದ್ರೆ ನನ್ನ ಕುರ್ಚಿಗೆ ಏನೂ ತೊಂದರೆ ಇಲ್ಲ ಅಲ್ವಾ ಸಾರ್?"

"ಕುರ್ಚಿ ಯಾಕೆ? ಒಂದು ಸಲ ತಿದ್ದಿದ್ದನ್ನ ಮತ್ತೆ ತಿದ್ದೋದೇನಿದೆ? ನಮಗೀಗ ಬೇಕಾಗಿರೋದು ಯಾರಿಗೂ ಗೊತ್ತಾಗದ ಹಾಗೆ ಫಾರಂ ಅದಲುಬದಲು ಮಾಡೋ ಕೈ. ಆ ಕೈ ನಿನ್ನದು ಬಿಟ್ಟು ಬೇರೆ ಯಾರದ್ದು ಇದೆ ಹೇಳು?" ಎಂದು ಯಜಮಾನರು ಕಣ್ತುಂಬಿ ಅವನ ಎರಡೂ ಕೈ ಹಿಡಿದುಕೊಂಡರು. "ನಾಳೆಯಿಂದಲೇ ಬೆಂಚಿಗೆ ಬಂದುಬಿಡು."